ಎಲೆಯ ಬೆನ್ನು ನೋಡುವ ಅಕ್ಕ

ಹೋದ ತಿಂಗಳು ಈಸ್ಟ್ ಬ್ರನ್ಸ್‌ವಿಕ್‌ನ ಒಂದು ಶಾಲೆಯ ಸಭಾಂಗಣದಲ್ಲಿ ಅಕ್ಕನ ಬೀಳ್ಕೊಡುಗೆ ನಡೆಯಿತು. ಕೆಲಸದಿಂದ ನಿವೃತ್ತರಾಗಿ ಮಗಳಿರುವ ಫ್ಲಾರಿಡಾಕ್ಕೆ ಹೋಗುತ್ತಿದ್ದಾರೆ. "ಅಲ್ಲಿ ಚಳಿಗಾಲ ಇಲ್ಲ, ಹುಳಕ್ಕ ರಜಾ ಇಲ್ಲ" ಅನ್ನುವುದು ಅವರು ಕೊಡುವ ಕಾರಣ. ನನಗೆ ಮೂರು ನಿಮಿಷ ಮಾತಾಡಲು ಹೇಳಿದ್ದರು. ಮೈಕ್ ಕೆಟ್ಟರೆ ಏನು ಗತಿ ಎಂದು ಒಂದು ದಿನ ಚಿಂತಿಸಿದೆ. ಕೆಡದೆ ಎಲ್ಲರಿಗೂ ಕೇಳಿಸಿಬಿಟ್ಟರೆ ಏನು ಗತಿ ಎಂದು ಇನ್ನೊಂದು ದಿನ. ಕೊನೆಗೆ ವೇದಿಕೆ ಹತ್ತಿ "ಅಕ್ಕ ಬಹಳ ಒಳ್ಳೆಯವರು" ಎಂದಷ್ಟೇ ಹೇಳಿ ಇಳಿದೆ. ಮೈಕು ಚೆನ್ನಾಗಿಯೇ ಇತ್ತು. ಅಲ್ಲಿ ಹೇಳಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಹಾಕಿದರೆ ಫೋನ್ ಮಾಡಿ ಬೈಯುತ್ತಾರೆ. ಧಾರವಾಡದ ಬೈಗುಳ ದೂರಕ್ಕೆ ಬಂದಷ್ಟೂ ಖಾರವಾಗುತ್ತದೆ.

ಅಕ್ಕ ಕೀಟಶಾಸ್ತ್ರಜ್ಞೆ. ಧಾರವಾಡದಲ್ಲಿ ಕೃಷಿ ಓದಿ, ಇಲ್ಲಿಗೆ ಬಂದು ಡಾಕ್ಟರೇಟ್ ಮಾಡಿ, ತರಕಾರಿ ಬೆಳೆಗೆ ಬೀಳುವ ಹುಳುಗಳನ್ನೂ ಆ ಹುಳುಗಳನ್ನು ತಿನ್ನುವ ಹುಳುಗಳನ್ನೂ ಅಧ್ಯಯನ ಮಾಡುವ ಕೆಲಸದಲ್ಲಿದ್ದವರು. ನಮ್ಮ ಕನ್ನಡ ಕೂಟದ ಮಕ್ಕಳಿಗೆಲ್ಲ ಅವರು ಬಗ್ ಆಂಟಿ. ನಾವು ಇಲ್ಲಿಗೆ ಬಂದದ್ದು ತೊಂಬತ್ತರ ದಶಕದ ಕೊನೆಗೆ. ಎರಡು ಸಾವಿರದ ಇಸವಿ ಹುಟ್ಟಿದ ಕೂಡಲೇ ಕಂಪ್ಯೂಟರುಗಳೆಲ್ಲ ತಲೆಕೆಳಗಾಗುತ್ತವೆ ಎಂದು ಜಗತ್ತು ಹೆದರಿ, ನಮ್ಮಂಥವರನ್ನು ವಿಮಾನಗಟ್ಟಲೆ ಕರೆಸಿಕೊಳ್ಳುತ್ತಿದ್ದ ಕಾಲ. ಹೆದರುವುದಕ್ಕೇ ಸಂಬಳ ಕೊಡುತ್ತಿದ್ದ ಆ ಕಾಲ ನನ್ನಂಥವನಿಗೆ ಹೇಳಿ ಮಾಡಿಸಿದ ಹಾಗಿತ್ತು. ನಾನೂ ನನ್ನ ಹೆಂಡತಿಯೂ ಓಲ್ಡ್ ಬ್ರಿಡ್ಜ್‌ನಲ್ಲಿ ಬಾಡಿಗೆ ಮನೆ ಹಿಡಿದೆವು. ಎರಡು ಮನೆ ಆಚೆಗೆ ಅಕ್ಕ.

ಮೊದಲ ಸಲ ನಮ್ಮ ಮನೆಗೆ ಬಂದವರು ನಮ್ಮ ಮುಖ ನೋಡುವ ಮೊದಲು ಕಿಟಕಿಯಲ್ಲಿದ್ದ ತುಳಸಿಯ ಹತ್ತಿರ ಹೋದರು. ಕೈಮುಗಿಯುತ್ತಾರೆ ಅಂದುಕೊಂಡೆವು. ಎಲೆಯೊಂದನ್ನು ಹಿಂದುಮುಂದಾಗಿ ತಿರುಗಿಸಿ, ಕೊರಳಿಗೆ ಕೈಹಾಕಿ, ಮಂಗಳಸೂತ್ರದ ಜೊತೆಯಲ್ಲೇ ಕಪ್ಪು ದಾರದಲ್ಲಿ ನೇತಾಡುತ್ತಿದ್ದ ಪುಟ್ಟ ಭೂತಗನ್ನಡಿಯನ್ನು ಎಳೆದು ಕಣ್ಣಿಗೆ ಹಿಡಿದರು. "ಛಲೋ ಅದ. ಬಿಳಿನೊಣ ಬಂದಾವ, ಆದ್ರ ಭಾಳ ಇಲ್ಲ" ಅಂದು ಆಮೇಲೆ ಕುರ್ಚಿಯಲ್ಲಿ ಕುಳಿತು "ಹಾಂ, ನೀವು ಹೆಂಗದೀರಿ?" ಎಂದು ಕೇಳಿದರು.

ಎಲೆಯ ಮೇಲ್ಭಾಗ ನೋಡುವುದರಲ್ಲಿ ಅವರಿಗೆ ನಂಬಿಕೆ ಇರಲಿಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಬಾಳೆ ಎಲೆಯ ತುದಿ ಎತ್ತಿ ಅಡಿ ನೋಡುತ್ತಿದ್ದರು. ಅದು ಫ್ರೀಜರಿನಿಂದ ಬಂದ ಎಲೆ, ಅದರಲ್ಲಿ ಯಾವ ಜೀವ ಇರುತ್ತೆ ಅಕ್ಕಾ ಎಂದರೆ "ರೂಢಿ, ತಮ್ಮಾ" ಅನ್ನುತ್ತಿದ್ದರು. ಅಂಗಡಿಯಲ್ಲಿ ನಾವೆಲ್ಲ ಫಳಫಳ ಹೊಳೆಯುವ ಎಲೆಕೋಸು ಆರಿಸಿದರೆ ಅವರು ತೂತು ಬಿದ್ದದ್ದನ್ನು ಹುಡುಕಿ ತರುವರು. ಹುಳವೇ ಮುಟ್ಟದ್ದನ್ನು ನಾನು ಯಾಕೆ ಮುಟ್ಟಲಿ ಎಂದು ಅವರ ವಾದ.

ಅವರ ಮಾತಿಗೆ ಜಾಗ, ಹೊತ್ತು ಎಂಬ ಕಟ್ಟಳೆ ಇರಲಿಲ್ಲ. ನನ್ನ ಹೆಂಡತಿಯ ಸೀಮಂತದ ದಿನ, ಹಸಿರು ಬಳೆ ತೊಡಿಸುತ್ತಿದ್ದ ಹೆಂಗಸರ ನಡುವೆ ಕೂತು ಅಕ್ಕ ಸಸ್ಯಹೇನಿನ ಸಂಸಾರ ಬಿಚ್ಚಿಟ್ಟರು. ಹೇನು ಗೊತ್ತಲ್ಲ, ಎಳೇ ಕುಡಿಗೆ ಎಳ್ಳು ಮೆತ್ತಿದ ಹಾಗೆ ಅಂಟಿಕೊಂಡು ರಸ ಹೀರುತ್ತದಲ್ಲ, ಅದು.

"ಬ್ಯಾಸಗಿ ತುಂಬಾ ಎಲ್ಲಾ ಹೆಣ್ಣ. ಗಂಡಿನ ಸುದ್ದಿನ ಇಲ್ಲ. ಹಡಿಯೂ ಮುಂದ ಮರೀನ ಹಡೀತಾವ. ಆ ಮರಿ ಹುಟ್ಟೂ ಮುಂದನ ಬಸರ ಇರ್ತಾವ!"

ಬಳೆಗಳ ಸದ್ದು ನಿಂತಿತು. ಹಿರಿಯರೊಬ್ಬರು ಆರತಿ ತಟ್ಟೆ ಹಿಡಿದು ಹಾಗೇ ನಿಂತರು. ಆಗ ನಮ್ಮ ಕೂಟದ ಹಾಸನದ ರಘುವಿನ ತಾಯಿ, ಆರು ತಿಂಗಳ ಮಟ್ಟಿಗೆ ಮಗನ ಮನೆಗೆ ಬಂದಿದ್ದವರು, ಬಹಳ ಕಾಳಜಿಯಿಂದ ಕೇಳಿದರು: "ಹುಟ್ಟುವಾಗ್ಲೇ ಬಸುರಿ ಅಂದ್ರೆ, ಪಾಪ, ಸೀಮಂತ ಯಾವಾಗ ಮಾಡ್ತಾರಮ್ಮ ಅವಕ್ಕೆ?" ಅಕ್ಕ ನಗು ತಡೆಯಲಾರದೆ ಗೋಡೆಗೆ ಒರಗಿದರು. ಅಂದಿನಿಂದ ಅವರಿಬ್ಬರೂ ಜೀವದ ಗೆಳತಿಯರು.

ಇನ್ನೊಂದು ಭಾನುವಾರ, ಮನೆಗೊಂದು ಅಡುಗೆ ತರುವ ಪಾಟ್‌ಲಕ್ ಊಟ. ಗಂಡಸರೆಲ್ಲ ಶೇರುಪೇಟೆಯ ಮಾತಿನಲ್ಲಿ ಮುಳುಗಿದ್ದೆವು. ಯಾರೋ ತಮಾಷೆಗೆ "ಅಕ್ಕಾ, ಈ ಬೂಮ್ ಇನ್ನೆಷ್ಟು ದಿನ ಇರುತ್ತೆ, ನಿಮ್ಮ ಹುಳ ಏನನ್ನುತ್ತೆ?" ಎಂದರು. ಅಕ್ಕ ಕಾಗದದ ತಟ್ಟೆ ತೆಗೆದುಕೊಂಡರು. ಬೆರಳಿನಲ್ಲಿ ಕೆಂಪು ಚಟ್ನಿ ಅದ್ದಿ ಒಂದು ಗುಡ್ಡ ಬರೆದರು. ಅದರ ಪಕ್ಕಕ್ಕೆ, ತುಸು ಹಿಂದೆ ಬಿದ್ದ ಹಾಗೆ, ಕೊತ್ತಂಬರಿ ಚಟ್ನಿಯಲ್ಲಿ ಇನ್ನೊಂದು ಗುಡ್ಡ.

"ಕೆಂಪಂದು ಹೇನು. ಹಸರಂದು ಅದನ್ನ ತಿನ್ನೋ ಗುಲಗಂಜಿ ಹುಳ, ಕೆಂಪು ಬೆನ್ನಿಗೆ ಕಪ್ಪು ಚುಕ್ಕಿ ಇರೋದು. ಹೇನು ಮೊದಲ ಏರ್ತದ. ಊಟ ಕಂಡು ಗುಲಗಂಜಿ ಹಿಂದಿಂದ ಏರ್ತದ. ತಿಂದು ತಿಂದು ಹೇನು ಇಳೀತದ. ಆಮ್ಯಾಲ ಊಟ ಇಲ್ದ ಗುಲಗಂಜೀನೂ ಇಳೀತದ. ಮತ್ತ ಹೇನು ಏರ್ತದ. ಯಾವುದೂ ಏರಿದ್ದು ಏರಿದಂಗ ಇರಂಗಿಲ್ಲ, ಇಳದದ್ದು ಇಳದಂಗ ಇರಂಗಿಲ್ಲ."

"ಹಾಗಾದ್ರೆ ಇದ್ರಲ್ಲಿ ನಾವು ಯಾರು ಅಕ್ಕಾ, ಹೇನಾ ಗುಲಗಂಜಿಯಾ?" ಎಂದೆ ನಾನು.

"ನಿಮ್ಮ ಏಜಂಟರನ್ನ ಕೇಳು, ಹೇಳ್ತಾರ" ಎಂದು ಅಕ್ಕ ಬೆರಳು ಚೀಪಿಕೊಂಡರು. ನಮ್ಮನ್ನು ಅಮೆರಿಕಕ್ಕೆ ಕರೆತಂದು ನಮ್ಮ ಗಂಟೆಗಳನ್ನು ಮಾರಿ ಬದುಕುತ್ತಿದ್ದ ಏಜೆಂಟರೊಬ್ಬರು ಅದೇ ಸಾಲಿನಲ್ಲಿ ಪಲಾವು ಬಡಿಸಿಕೊಳ್ಳುತ್ತಿದ್ದರು. ಅವರೂ ನಕ್ಕರು. ನಾನು ಮಾತ್ರ ಆ ರಾತ್ರಿ ಇಡೀ ಕೆಂಪು ಚಟ್ನಿಯ ಗುಡ್ಡದ ಇಳಿಜಾರನ್ನೇ ನೆನೆಯುತ್ತ ಹೊರಳಾಡಿದೆ.

ಇನ್ನು ಅವರೆ ಬಳ್ಳಿಯ ವಿಷಯ. ಅಕ್ಕನ ಬಗ್ಗೆ ನಾನು ನಿಜವಾಗಿ ಹೇಳಬೇಕಾದ್ದು ಇದು.

ನಮ್ಮ ಊರಾಡಳಿತದವರು ಆಟದ ಮೈದಾನದ ಹಿಂದಿನ ಜಾಗವನ್ನು ಪಟ್ಟಿ ಪಟ್ಟಿಯಾಗಿ ಕೈತೋಟಕ್ಕೆ ಕೊಡುತ್ತಿದ್ದರು. ಬೇಲಿಯ ಬದಿಯ ಒಂದು ಸಾಲು ಐದು ಕನ್ನಡ ಮನೆಗಳದು. ಮೆಂತ್ಯ, ದಂಟು, ಬದನೆ ಎಲ್ಲ ಬೆಳೆದರೂ ಮುಖ್ಯ ದೇವರು ಅವರೆ, ಮನೆಗೊಂದು ಬಳ್ಳಿ. ಇಲ್ಲಿಯವರು ಹೂವಿನ ಚೆಂದಕ್ಕೆಂದು ಬೆಳೆಸುವ ಬಳ್ಳಿ ನಮ್ಮ ಅವರೆಯೇ ಎಂದು ಬೀಜದಂಗಡಿಯಲ್ಲಿ ಪತ್ತೆ ಹಚ್ಚಿದವರು ಅಕ್ಕ. ಹಗಲು ಕುಗ್ಗಿದ ಮೇಲೆ ಹೂ ಬಿಟ್ಟು, ಮಂಜು ಸುರಿದು ಬಳ್ಳಿ ಸುಟ್ಟುಹೋಗುವ ಮೊದಲು ಕಾಯಿ ಕೊಡಬೇಕು. ನಡುವೆ ಸಿಗುವುದು ಕೆಲವೇ ವಾರ. ಆ ಕಾಯಿಯಲ್ಲಿ ಅಕ್ಟೋಬರಿನಲ್ಲಿ ಕೂಟದ ಅವರೆ ಊಟ. ಹಿತಕಿದ ಬೇಳೆ ಸಾರಿಗೆ ದೂರದ ಫೋರ್ಟ್ ಲೀಯ ಎತ್ತರದ ಕಟ್ಟಡಗಳಿಂದಲೂ ಜನ ಇಳಿದು ಬರುತ್ತಿದ್ದರು.

ಸ್ವಂತ ಪಟ್ಟಿ ಇಲ್ಲದಿದ್ದರೂ ಅಕ್ಕ ಆ ಸಾಲಿಗೆ ಒಂದೇ ನಿಯಮ ಹಾಕಿದ್ದರು: ಔಷಧಿ ಹೊಡೆಯಬಾರದು. ನೌಕರಿಯಲ್ಲಿ ಅವರು ನೋಡುತ್ತಿದ್ದ ಹೊಲಗಳೆಲ್ಲ ಔಷಧಿ ಉಂಡ ಹೊಲಗಳೇ. ಔಷಧಿ ಮುಟ್ಟದ ಕಡೆ ಹೇನೂ ಗುಲಗಂಜಿಯೂ ತಾವಾಗಿ ಹೇಗೆ ಏರಿ ಇಳಿಯುತ್ತವೆ ಎಂದು ಅವರು ಬೇಸಿಗೆಯಿಂದ ಬೇಸಿಗೆಗೆ ನಮ್ಮ ಸಾಲಿನಲ್ಲೇ ನೋಡುತ್ತ ಬಂದಿದ್ದರು. "ಒಂದು ಸಲ ಹೊಡದ್ರ ಇಬ್ರೂ ಸಾಯ್ತಾರ. ಹೇನು ವಾರದಾಗ ವಾಪಸ್ ಬರ್ತಾವ. ಗುಲಗಂಜಿ ಬರಂಗಿಲ್ಲ. ಒಲಿ ಹಚ್ಚದ ಮನಿಗೆ ಊಟಕ್ಕ ಯಾರ್ ಬರ್ತಾರ?"

ರಘುವಿನ ತಾಯಿ ಬಂದಿದ್ದ ವರ್ಷದ ಆಗಸ್ಟ್‌ನಲ್ಲಿ ಹೇನು ಏರಿತು. ಏರಿತು ಎಂದರೆ ಕುಡಿಗಳೆಲ್ಲ ಕಪ್ಪು, ಎಲೆಗಳೆಲ್ಲ ಅಂಟು ಅಂಟು. ಪಕ್ಕದ ಸಾಲಿನಲ್ಲಿ ಬೀನ್ಸ್ ಬೆಳೆಯುತ್ತಿದ್ದ ಮುದುಕಪ್ಪ ದೂರು ಕೊಟ್ಟ. ತೋಟ ನೋಡಿಕೊಳ್ಳುವ ಅಧಿಕಾರಿ ಬಂದು ಗೇಟಿಗೆ ನೋಟಿಸ್ ಅಂಟಿಸಿದ: ಎರಡು ವಾರದಲ್ಲಿ ಹತೋಟಿಗೆ ಬರದಿದ್ದರೆ ತಾವೇ ಪೂರಾ ಸಾಲಿಗೆ ಔಷಧಿ ಹೊಡೆಯುತ್ತೇವೆ, ಮುಂದಿನ ವರ್ಷ ಈ ಬಳ್ಳಿಯವರಿಗೆ ಜಾಗವಿಲ್ಲ. ಅಕ್ಕ ಅವನೆದುರು ನಿಂತು, ಎರಡು ವಾರದಲ್ಲಿ ಇಳಿಯುತ್ತದೆ, ಇಳಿಯದಿದ್ದರೆ ನನ್ನ ಕೈಯಿಂದಲೇ ಹೊಡೆಯುತ್ತೇನೆ ಎಂದು ಮಾತು ಕೊಟ್ಟರು. ಅವನು ಹೋದ ಮೇಲೆ ನಮ್ಮ ಕಡೆ ತಿರುಗಿ, "ಗುಲಗಂಜಿ ತತ್ತಿ ಇಟ್ಟಾವ. ಇನ್ನ ಸುಮ್ನ ಕುಂದರ್ರಿ, ಅಷ್ಟ. ಅದ ಭಾಳ ತ್ರಾಸಿನ ಕೆಲಸ" ಅಂದರು. ಮಾರನೆಯ ದಿನ ಯಾವುದೋ ಸಮ್ಮೇಳನಕ್ಕೆಂದು ಹತ್ತು ದಿನ ಊರು ಬಿಟ್ಟರು.

ಸುಮ್ಮನೆ ಕೂರುವುದನ್ನು ನನಗೆ ಯಾವ ಕಾಲೇಜಿನಲ್ಲೂ ಕಲಿಸಿರಲಿಲ್ಲ. ದಿನಾ ಸಂಜೆ ಮ್ಯಾನ್‌ಹಟನ್ ಬಸ್ಸಿನಿಂದ ಇಳಿದವನೇ ಕೊರಳಲ್ಲಿ ಆಫೀಸಿನ ಬಿಲ್ಲೆ ತೂಗಾಡಿಸಿಕೊಂಡು ತೋಟಕ್ಕೆ ಹೋಗುತ್ತಿದ್ದೆ. ಹೇನು ಇಳಿದಿರಲಿಲ್ಲ. ಗುರುವಾರ ಅದಕ್ಕಿಂತ ಭಯಂಕರವಾದದ್ದು ಕಂಡಿತು. ಎಲೆಯ ಬೆನ್ನಿನಲ್ಲಿ, ಕಪ್ಪು ಮೈ, ಕಿತ್ತಳೆ ಚುಕ್ಕೆ, ಮುಳ್ಳು ಮುಳ್ಳು, ಆರು ಕಾಲು; ಮೊಸಳೆಯನ್ನು ಒಣಗಿಸಿ ಕುಗ್ಗಿಸಿದ ಹಾಗೆ. ಒಂದಲ್ಲ, ಎಲ್ಲ ಬಳ್ಳಿಗಳಲ್ಲೂ. ಅಕ್ಕನನ್ನು ಕೇಳೋಣವೆಂದರೆ ಹೋಟೆಲ್ಲಿನ ನಂಬರು ಯಾರ ಹತ್ತಿರವೂ ಇರಲಿಲ್ಲ. ಆ ರಾತ್ರಿಯೇ ಉಳಿದ ನಾಲ್ಕೂ ಮನೆಗೆ ಇಮೇಲ್ ಕಳಿಸಿದೆ. ವಿಷಯದ ಜಾಗದಲ್ಲಿ "ಅರ್ಜೆಂಟ್" ಎಂದು ಎರಡು ಸಲ ಬರೆದಿದ್ದೆ.

"ಔಷಧಿ ಹೊಡೆಯಬಾರದು ಅಂತ ತಾನೇ ಅಕ್ಕ ಹೇಳಿರೋದು?" ಎಂದ ರಘು. "ಕೈಯಲ್ಲಿ ಆರಿಸಬಾರದು ಅಂತ ಹೇಳಿಲ್ವಲ್ಲ."

ಕನ್ನಡದ ಮನೆಗಳಿಗೆ ಆರಿಸುವುದನ್ನು ಯಾರೂ ಕಲಿಸಬೇಕಿಲ್ಲ. ಶನಿವಾರ ಬೆಳಿಗ್ಗೆ ಐದೂ ಸಂಸಾರ ಚಾಪೆ, ಸ್ಟೀಲ್ ತಟ್ಟೆ, ಫ್ಲಾಸ್ಕಿನಲ್ಲಿ ಕಾಫಿ ಸಮೇತ ತೋಟಕ್ಕೆ ಇಳಿಯಿತು. ಅಕ್ಕಿಯಲ್ಲಿ ಕಲ್ಲು ಆರಿಸುವ ಕಣ್ಣು, ಬೆರಳು. ಒಂದು ಎಲೆ ಬಿಡದೆ, ಆ ಮೊಸಳೆಗಳನ್ನು ಒಂದೊಂದಾಗಿ ತೆಗೆದು ತಟ್ಟೆಗೆ ಹಾಕಿದೆವು. ಹೇನು ಆರಿಸಲು ತೀರ ಸಣ್ಣದು, ಅದನ್ನು ಬಿಟ್ಟೆವು. ಚೆಂದದ ಕೆಂಪು ಗುಲಗಂಜಿಗಳನ್ನಂತೂ ಮುಟ್ಟಲೇ ಇಲ್ಲ. ಅವು ನಮ್ಮವರು ಎಂದು ನಮಗೂ ಗೊತ್ತಿತ್ತಲ್ಲ. ಬಿಸಿಲೇರುವ ಹೊತ್ತಿಗೆ ತಟ್ಟೆಗಳು ಗಿಜಿಗುಟ್ಟುತ್ತಿದ್ದವು. ನಾನು ಸೋಪಿನ ನೀರಿನ ಬಕೆಟ್ ತಂದೆ.

"ಏನಪ್ಪಾ ಅದು?" ರಘುವಿನ ತಾಯಿ ಚಾಪೆಯಿಂದ ಎದ್ದರು.

"ಮುಳುಗಿಸೋಕೆ ಅಮ್ಮ."

"ಶ್ರಾವಣ ಶನಿವಾರ! ಇವತ್ತು ಒಪ್ಪತ್ತು ಇದ್ದೀನಿ ನಾನು. ನನ್ನ ಕಣ್ಣೆದುರಿಗೆ ಇಷ್ಟು ಜೀವ ತೆಗೀತೀಯಾ? ನಾಳೆ ತೆಗೆಯೋ ಹಾಗಿದ್ರೆ ತೆಗಿ."

ನಾಳೆಯವರೆಗೆ ಅವನ್ನು ಇಟ್ಟುಕೊಳ್ಳುವ ಮನೆ ಯಾವುದು ಎಂಬ ಪ್ರಶ್ನೆ ಎದ್ದಾಗ ಎಲ್ಲ ಹೆಂಡತಿಯರೂ ಒಂದೇ ಧ್ವನಿಯಲ್ಲಿ ಉತ್ತರ ಕೊಟ್ಟರು. ಕೊನೆಗೆ ತಟ್ಟೆಗಳನ್ನು ಪಾರ್ಕಿಂಗ್ ಜಾಗದ ಆಚೆಯ ಕಳೆಗಿಡಗಳ ಪೊದೆಗೆ ಒಯ್ದು ಮೆಲ್ಲಗೆ ಕೊಡವಿದೆವು. "ಎಲ್ಲಾದ್ರೂ ಬದುಕ್ಕೊಳ್ಳಿ, ಈ ಕಡೆ ಬರಬೇಡಿ" ಎಂದು ರಘುವಿನ ತಾಯಿ ಅವಕ್ಕೆ ಹೇಳಿದರು. ನಾವು ಬಹಳ ಹಗುರಾಗಿ ಮನೆಗೆ ಹೋದೆವು.

ಮಂಗಳವಾರ ಸಂಜೆ ಅಕ್ಕ ಬಂದರು. ವಿಮಾನದಿಂದ ಇಳಿದವರು ನೇರ ತೋಟಕ್ಕೆ. ನಾವು ಹೆಮ್ಮೆಯಿಂದ ಸಾಲಾಗಿ ನಿಂತಿದ್ದೆವು. ಅವರು ಒಂದು ಎಲೆ ತಿರುವಿದರು. ಇನ್ನೊಂದು. ಮತ್ತೊಂದು ಬಳ್ಳಿ. ಭೂತಗನ್ನಡಿ ಇಳಿಬಿಟ್ಟರು.

"ಮರಿ ಎಲ್ಲಿ?"

"ಯಾವ ಮರಿ ಅಕ್ಕಾ?"

"ಗುಲಗಂಜಿ ಮರಿ. ಕಪ್ಪಗ, ಮುಳ್ಳ ಮುಳ್ಳ. ಹೇನು ತಿನ್ನೋವು ಖರೇ ಅವ. ದೊಡ್ಡವು ಬರೇ ರುಚಿ ನೋಡ್ತಾವ, ಹಸದು ತಿನ್ನೋವು ಮರಿ. ತತ್ತಿ ಒಡದಾವ, ಸಿಪ್ಪಿ ಐತಿ ಇಲ್ಲಿ. ಮರಿ ಇಲ್ಲ."

ಐದು ಸಂಸಾರ ಒಟ್ಟಿಗೆ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡವು. ಕೊನೆಗೆ ನಾನೇ ಹೇಳಿದೆ: ಮೊಸಳೆ, ಇಮೇಲ್, ಚಾಪೆ, ತಟ್ಟೆ. ಅಕ್ಕನ ಬೆರಳುಗಳು ಕೊರಳಿನ ಆ ಕಪ್ಪು ದಾರವನ್ನು ಸುತ್ತುತ್ತಿದ್ದವು, ಬಿಚ್ಚುತ್ತಿದ್ದವು. ಗಡುವು ಮುಗಿಯುವ ಶನಿವಾರ ಅಧಿಕಾರಿ ಬರುವವನಿದ್ದ.

"ಕೊಂದ್ರೇನು?" ಎಂದರು, ಬಹಳ ಮೆಲ್ಲಗೆ.

"ಶ್ರಾವಣ ಶನಿವಾರ ಕಣಮ್ಮ, ಕೊಲ್ಲೋದುಂಟಾ! ಅಗೋ, ಅಲ್ಲಿ ಬಿಟ್ವಿ" ಎಂದು ರಘುವಿನ ತಾಯಿ ಪಾರ್ಕಿಂಗ್ ಕಡೆ ಕೈ ತೋರಿದರು.

ಅಕ್ಕ ಸೂಟ್‌ಕೇಸನ್ನು ಅಲ್ಲೇ ಬಿಟ್ಟು ಆ ಕಡೆ ಓಡಿದರು. ನಲವತ್ತು ದಾಟಿದ, ತುಸು ಭಾರದ ಮೈಯ, ಸಮ್ಮೇಳನದ ರೇಷ್ಮೆ ಸೀರೆ ಉಟ್ಟ ಹೆಂಗಸು ಪಾರ್ಕಿಂಗ್ ಜಾಗದಲ್ಲಿ ಓಡಿದ್ದನ್ನು ಬೇಸ್‌ಬಾಲ್ ಆಡುತ್ತಿದ್ದವರೆಲ್ಲ ನಿಂತು ನೋಡಿದರು. ನಾವು ತಲುಪುವ ಹೊತ್ತಿಗೆ ಅವರು ಕಳೆಗಿಡದ ಮುಂದೆ ಮೊಣಕಾಲೂರಿ ನಗುತ್ತಿದ್ದರು, ಕಣ್ಣಲ್ಲಿ ನೀರು.

"ಇಲ್ಲೂ ಹೇನು ಅದಾವ! ಮರಿ ಉಂಡು ಉಂಡು ಎಷ್ಟ ದಪ್ಪ ಆಗ್ಯಾವ ನೋಡ್ರಿ, ಅಳಿಯಾ ಮಾವನ ಮನಿಗೆ ಬಂದಂಗ!" ರಘುವಿನ ತಾಯಿಯ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡರು. "ಅವ್ವಾ, ನಿಮ್ಮ ಶನಿವಾರಕ್ಕ ನಾ ಶರಣು."

ಮತ್ತೆ ಆರಿಸುವ ಕೆಲಸ ಶುರುವಾಯಿತು, ಈ ಸಲ ಕಳೆಗಿಡದಿಂದ ಅವರೆ ಬಳ್ಳಿಗೆ. ಮಂಗಳವಾರ, ಬುಧವಾರ, ಬೆಳಕಿರುವವರೆಗೆ. ಬಸ್ಸಿಳಿದು ನೇರ ಬಂದ ಟೈ ಕಟ್ಟಿದ ಗಂಡಸರು, ಮಕ್ಕಳ ಬಣ್ಣದ ಕುಂಚ ಹಿಡಿದು, ಎಲೆ ಸಮೇತ ಒಂದೊಂದೇ ಮೊಸಳೆಯನ್ನು ಅಂಗೈಯಲ್ಲಿ ಹೊತ್ತು ಪಾರ್ಕಿಂಗ್ ದಾಟುತ್ತಿದ್ದೆವು. ಕಾರುಗಳು ನಮಗಾಗಿ ನಿಲ್ಲುತ್ತಿದ್ದವು. ನಾನು ಸಮಯ ಉಳಿಸಲು ಹತ್ತಾರನ್ನು ಒಂದೇ ಡಬ್ಬಿಗೆ ಹಾಕಿದ್ದು ಕಂಡು ಅಕ್ಕ ಕೂಗಿದರು: "ಏ ತಮ್ಮಾ! ಬ್ಯಾರೆ ಬ್ಯಾರೆ ಕುಡಿಗೆ ಒಂದೊಂದ ಬಿಡೋ! ಒಂದ ಕಡೆ ಕೂಡಿಸಿದ್ರ ಒಂದನ್ನೊಂದ ತಿಂತಾವ, ನಮ್ಮ ಕಮಿಟಿ ಮೀಟಿಂಗ್ ಇದ್ದಂಗ!" ಕೂಟದ ಅಧ್ಯಕ್ಷ ರಘುವೇ. ಅವನು ಕುಂಚ ಹಿಡಿದುಕೊಂಡೇ ತಲೆಯಾಡಿಸಿ ಒಪ್ಪಿಕೊಂಡ.

ಗುರುವಾರ ಹೇನು ಇದ್ದ ಹಾಗೇ ಇತ್ತು. ಶುಕ್ರವಾರ ಒಂದಿಷ್ಟು ಕುಡಿ ಹಸಿರು ಕಂಡಿತೋ, ನನ್ನ ಆಸೆಯೋ ತಿಳಿಯಲಿಲ್ಲ. ಅಕ್ಕನ ಕಾರಿನ ಹಿಂಬದಿಯಲ್ಲಿ ಔಷಧಿಯ ಪಂಪು ಬಂದು ಕೂತಿದ್ದು ಮಾತ್ರ ಕಂಡಿತು. ಕೊಟ್ಟ ಮಾತು.

ಶನಿವಾರ ಅಧಿಕಾರಿ ಬಂದ. ಮೇಲಿಂದ ನೋಡಿ ತುಟಿ ಮುರಿದ. ಹಳೆಯ ಅಂಟಿನ ಕಪ್ಪು ಇನ್ನೂ ಇತ್ತು. ಅಕ್ಕ ಒಂದು ಎಲೆ ಎತ್ತಿ ಬೆನ್ನು ತೋರಿಸಿ ಅವನ ಕೈಗೆ ಭೂತಗನ್ನಡಿ ಕೊಟ್ಟರು. ದಾರವನ್ನು ಕೊರಳಿನಿಂದ ಬಿಚ್ಚಿರಲಿಲ್ಲವಾದ್ದರಿಂದ ಅವನು ಬಗ್ಗಬೇಕಾಯಿತು. ಬಹಳ ಹೊತ್ತು ಬಗ್ಗಿದ್ದ. ಹೇನುಗಳ ಒಣಗಿದ ಚರ್ಮ, ಅದರ ನಡುವೆ ಉಬ್ಬಿದ ಮರಿಗಳು, ಅಲ್ಲಲ್ಲಿ ಜೀವವಿರುವ ನಾಲ್ಕಾರು ಹೇನು. ಇನ್ನೊಂದು ಎಲೆ ತಾನೇ ತಿರುವಿದ. ಆಮೇಲೆ ಸಾಲಿನ ಕೊನೆಯವರೆಗೂ ತಿರುವುತ್ತ ಹೋದ. ವಾಪಸು ಹೋಗುವಾಗ ಗೇಟಿನ ನೋಟಿಸನ್ನು ಕಿತ್ತು ಮಡಚಿ ಜೇಬಿಗಿಟ್ಟುಕೊಂಡ. ಚಪ್ಪಾಳೆ ಬಿತ್ತು. ಬೀನ್ಸಿನ ಮುದುಕಪ್ಪನೂ ತಟ್ಟಿದ.

ಅಕ್ಕ ತಟ್ಟಲಿಲ್ಲ. ಬಳ್ಳಿಯನ್ನೇ ನೋಡುತ್ತಿದ್ದರು.

"ಈಗ ಇವಕ್ಕ ಊಟ ಇಲ್ಲ. ರೆಕ್ಕಿ ಬಂದಕೂಡ್ಲೆ ಹಾರಿ ಹೋಗ್ತಾವ. ಹೂ ಬಿಡೂ ಹೊತ್ತಿಗೆ ಹೇನು ಮತ್ತ ಬರ್ತಾವ. ಆಗ ಇವು ಇಲ್ಲೇ ಇರಬೇಕಂದ್ರ ಒಂದು ಬಳ್ಳಿ ಪೂರಾ ಹೇನಿಗೆ ಬಿಡಬೇಕು. ಯಾರ ಬಿಡ್ತೀರಿ?"

ಆ ಬಳ್ಳಿಯಲ್ಲಿ ಕಾಯಿ ಕೊಯ್ಯುವ ಹಾಗಿಲ್ಲ ಎಂದು ಎಲ್ಲರಿಗೂ ಅರ್ಥವಾಗಿತ್ತು. ಅಕ್ಕನ ಕಣ್ಣು ಸಾಲಿನ ಮೇಲೆ ಹಾಯ್ದು ನನ್ನ ಮೇಲೆ ನಿಂತಿತು.

"ನಾನ್ಯಾಕೆ ಅಕ್ಕಾ?"

"ಇವರೆಲ್ಲ ನಾಳಿಂದ ಮರೀತಾರ. ನಿನಗ ಮರಿಯಾಕ ಆಗಂಗಿಲ್ಲ. ದಿನಾ ಬಂದು ನೋಡ್ತಿ. ಈ ಕೆಲಸಕ್ಕ ಚಿಂತಿ ಮಾಡಾವನ ಬೇಕು."

ನನ್ನ ಚಿಂತೆಯನ್ನು ಅಲ್ಲಿಯವರೆಗೆ ಜನ ಸಹಿಸಿದ್ದರು, ಗೇಲಿ ಮಾಡಿದ್ದರು, ಕೆಲವರು ಮಾತ್ರೆಯ ಹೆಸರು ಸೂಚಿಸಿದ್ದರು. ಅದಕ್ಕೊಂದು ಕೆಲಸ ಕೊಟ್ಟವರು ಅವರೊಬ್ಬರೇ.

ಸೆಪ್ಟೆಂಬರ್ ಪೂರ್ತಿ ನಾನು ಹೇನು ಸಾಕಿದೆ. ಬಸ್ಸಿಳಿದು ಬಂದು ಕುಡಿ ಕುಡಿ ನೋಡುತ್ತಿದ್ದೆ. ಒಂದು ಸಂಜೆ ಗಾಬರಿಯಿಂದ ಅಕ್ಕನಿಗೆ ಫೋನ್ ಮಾಡಿ "ಅಕ್ಕಾ, ಹೇನು ಕಮ್ಮಿಯಾಗ್ತಿವೆ, ಏನ್ಮಾಡ್ಲಿ?" ಎಂದೆ. ಆ ಕಡೆಯಿಂದ ಬಹಳ ಹೊತ್ತು ಬರೀ ನಗು ಕೇಳಿಸಿತು. ಮಗ್ಗುಲ ಬಳ್ಳಿಗಳಲ್ಲಿ ಹೇನು ತಲೆಯೆತ್ತಿದಾಗಲೆಲ್ಲ ನನ್ನ ಬಳ್ಳಿಯ ಕೆಂಪು ಗುಲಗಂಜಿಗಳು ಬೇಲಿ ಹತ್ತಿ ಆ ಕಡೆ ಹೊರಡುತ್ತಿದ್ದವು. ನಾಲ್ಕು ಮನೆಯವರ ಅವರೆ ಗೊಂಚಲು ಗೊಂಚಲಾಗಿ ಇಳಿಬಿತ್ತು. ನನ್ನದು ಕೊನೆಯವರೆಗೂ ಕಪ್ಪಾಗಿ, ಮುರುಟಿ, ಊರಿಗೇ ಅನ್ನಛತ್ರವಾಗಿ ನಿಂತಿತ್ತು.

ಅವರೆ ಊಟದ ದಿನ ಎಲ್ಲರೂ ಸೊಗಡು ಬೀರುವ ಪಾತ್ರೆಗಳನ್ನು ಹೊತ್ತು ಬಂದರು. ನನ್ನ ಹೆಂಡತಿ ಇಂಡಿಯನ್ ಅಂಗಡಿಯ ಫ್ರೀಜರಿನಿಂದ ತಂದ ಅವರೆಬೇಳೆಯ ಉಪ್ಪಿಟ್ಟು ಮಾಡಿ, ಯಾರೂ ನೋಡದ ಹಾಗೆ ಮೇಜಿನ ಮೂಲೆಯಲ್ಲಿ ಇಟ್ಟಳು. ನಾನು ಸಾಲಿನ ಕೊನೆಗೆ ನಿಂತೆ. ಸಾರಿನ ಸೌಟು ಅಕ್ಕನ ಕೈಯಲ್ಲಿತ್ತು. ಫೋರ್ಟ್ ಲೀಯಿಂದ ಬಂದ ದೊಡ್ಡ ಡಾಕ್ಟರೊಬ್ಬರು ತಟ್ಟೆ ಚಾಚಿ ಮೊದಲಿಗರಾಗಿ ನಿಂತಿದ್ದರು. ಅಕ್ಕ ಸೌಟು ಎತ್ತಲಿಲ್ಲ. ಕತ್ತೆತ್ತಿ ನನ್ನನ್ನು ಹುಡುಕಿ, ಸಭಾಂಗಣಕ್ಕೆಲ್ಲ ಕೇಳುವ ಹಾಗೆ ಕೂಗಿದರು:

"ಸ್ವಲ್ಪ ತಡೀರಿ ಡಾಕ್ಟ್ರ. ಆ ಹಿಂದಿನ ತಮ್ಮಗ ಮೊದಲ ಬಡಸ್ತೀನಿ. ಇದರಾಗ ಅವನ ಬಳ್ಳಿದು ಒಂದ ಕಾಳೂ ಇಲ್ಲ."